ತಾರೀಕಿನ ಅಂಗಡಿ

ಬೈಂದೂರು
ಜುಲೈ 2, 2025

ಅಪ್ಪಯ್ಯನಿಗೆ,

ನೀವು ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ. ಬ್ರಹ್ಮಾವರದ ಗಾರ್ಮೆಂಟ್ ಕಾರ್ಖಾನೆ ಮುಚ್ಚಿದರೆ ನೂರಾ ಹನ್ನೆರಡು ಹೆಂಗಸರಲ್ಲಿ ಒಬ್ಬಳನ್ನೂ ಬರಿಗೈಯಲ್ಲಿ ಮನೆಗೆ ಕಳಿಸಲು ಬಿಡುವುದಿಲ್ಲ ಎಂದು ಗೇಟಿನ ಎದುರು ಮೈಕಿನಲ್ಲಿ ಹೇಳಿದಿರಿ. ನಾನು ಎಂದಾದರೂ ಸ್ವಂತ ಹೊಲಿಗೆ ಅಂಗಡಿ ಹಾಕಿದರೆ ಅದರ ಬೋರ್ಡು ಬರೆಯುವುದು ನೀವೇ ಎಂದು ಮನೆಯಲ್ಲಿ ಹೇಳಿದಿರಿ. ಸಂಘದಲ್ಲಿ ಎಷ್ಟೇ ಜಗಳವಾದರೂ ಮನೆಯೊಳಗೆ ಮಾತು ನಿಲ್ಲಬಾರದು ಎಂದು ಅಮ್ಮನಿಗೆ ಹೇಳಿದಿರಿ. ಅದು ನನಗೂ ಸೇರಿದ್ದು ಎಂದುಕೊಂಡಿದ್ದೆ.

ಆದದ್ದು ಇಷ್ಟು. ನೂರಾ ಹನ್ನೆರಡು ಹೆಂಗಸರೂ ಮನೆಗೆ ಹೋದರು. ನನ್ನ ಅಂಗಡಿ ಶುರುವಾದ ದಿನ ನೀವು ಬರಲಿಲ್ಲ. ಬೋರ್ಡು ಕೇಳಿದ್ದಕ್ಕೆ "ಹೋರಾಟ ಮುರ್ದವ್ಳ್ ಅಂಗ್ಡಿಗೆ ನನ್ನ್ ಬ್ರಶ್ ಇಲ್ಲ" ಎಂದು ಬಾಗಕ್ಕನ ಹತ್ತಿರ ಹೇಳಿ ಕಳಿಸಿದಿರಿ. ಒಂದು ವರ್ಷ ನಾಲ್ಕು ತಿಂಗಳಿಂದ ನನ್ನ ಫೋನ್ ಎತ್ತಿಲ್ಲ.

ಪರಿಹಾರ ತೆಗೆದುಕೊಂಡು ಕೆಲಸ ಬಿಡುತ್ತೇವೆ ಎಂಬ ಕಾರ್ಖಾನೆಯ ಕಾಗದಕ್ಕೆ ಮೊದಲ ಸಹಿ ಹಾಕಿದವಳು ನಾನು. ಹೋರಾಟದ ನಾಯಕನ ಮಗಳು. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಕ್ಷಮೆ ಕೇಳಲೂ ಬರೆಯುತ್ತಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ ಎಂದು ನೀವೇ ಕಲಿಸಿದ್ದರಿಂದ ಈ ಕಾಗದ.

ವಿಷಯ ಏನೆಂದರೆ, ಬೈಂದೂರಿನಲ್ಲಿ ಮಂಜಯ್ಯ ಶೆಟ್ಟರ ಹೋಟೆಲಿನ ಮೇಲಿನ ಕೋಣೆಯಲ್ಲಿ ನಮ್ಮ ಮೂರು ಮಿಷನ್ ಇವೆ. ನಾನು, ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿದ್ದ ಬೀಜಾಡಿಯ ಬಾಗಕ್ಕ, ಮತ್ತೆ ಶಿರೂರಿನ ರಮಿತಾ. ಮೆಟ್ಟಿಲು ಇರುವುದು ಪಕ್ಕದ ಓಣಿಯಲ್ಲಿ. ಅಲ್ಲೊಂದು ಅಂಗಡಿ ಇದೆ ಎಂದು ಹೋಟೆಲಿನ ಗಿರಾಕಿಗಳಿಗೇ ಗೊತ್ತಿಲ್ಲ. ಆಸಾಡಿಯಲ್ಲಿ ಮದುವೆ ಇಲ್ಲ, ಮದುವೆ ಇಲ್ಲದೆ ರವಿಕೆ ಇಲ್ಲ. ದಿನಕ್ಕೆ ಎರಡು ಬಟ್ಟೆ ಬಂದರೆ ಹೆಚ್ಚು. ಶೆಟ್ಟರು ದೀಪಾವಳಿಯ ತನಕ ಕಾಯುತ್ತೇನೆ ಎಂದಿದ್ದಾರೆ. ಆಮೇಲೆ ಮೊಬೈಲ್ ಅಂಗಡಿಯವರು ಆ ಕೋಣೆ ಕೇಳುತ್ತಿದ್ದಾರೆ. ಕೋಣೆ ಹೋದರೆ ನಾನು ಹೇಗೋ ಇದ್ದೇನು. ಬಾಗಕ್ಕ ಐವತ್ತನಾಲ್ಕರ ಮೊಣಕಾಲು ಹೊತ್ತುಕೊಂಡು ಗೇರುಬೀಜದ ಕಾರ್ಖಾನೆಗೆ ಹೋಗಬೇಕು.

ಪೇಪರಿನಲ್ಲಿ, ಕೇಬಲ್ ಟೀವಿಯಲ್ಲಿ ಹಾಕಿಸಲು ನಮ್ಮಲ್ಲಿ ಕಾಸಿಲ್ಲ. ಕಾಸಿಲ್ಲದೆ ಜನ ಸೇರಿಸುವುದು ನಿಮಗೆ ಗೊತ್ತು. ಒಂದು ಮೈಕು, ಐನೂರು ಕರಪತ್ರದಲ್ಲಿ ನೀವು ಎರಡು ಸಾವಿರ ಜನರನ್ನು ಸೇರಿಸಿದ್ದನ್ನು ಕಂಡಿದ್ದೇನೆ. ಅದು ಹೇಗೆ ಎಂದು ಬರೆದು ಕಳಿಸಿ.

ಪ್ರಜ್ಞಾ
(ಸಂಘದ ಸದಸ್ಯತ್ವ ಈಗ ಇಲ್ಲ)


ಬ್ರಹ್ಮಾವರ
ಜುಲೈ 13, 2025

ಪ್ರಜ್ಞಾ,

ನಿನ್ನ ಪಟ್ಟಿ ಸರಿ ಇದೆ. ತಿದ್ದುವಂಥದ್ದು ಇಲ್ಲ. ಮೂರನೆಯ ಮಾತಿನ ಸಾಕ್ಷಿ, ನಿನ್ನ ಅಮ್ಮ, ಇಲ್ಲೇ ಎದುರು ಕೂತು ಬಸಳೆ ಹೆಚ್ಚುತ್ತಿದ್ದಾಳೆ. ಕಾಗದ ಒಡೆದು ಮೊದಲು ಓದಿದ್ದೂ ಅವಳೇ. "ಮಗ್ಳ್ ಕೇಂಡದ್ದ್ ದುಡ್ಡಲ್ಲ, ಬುದ್ಧಿ. ಅದಕ್ಕೂ ಬಡ್ತನವಾ ನಿಮ್ಗೆ?" ಎಂದು ಗಿರಿಜಾ ಹತ್ತು ದಿನದಿಂದ ಕೇಳುತ್ತಿದ್ದಾಳೆ.

ಜನ ಸೇರಿಸುವುದು ಬೇರೆ, ಗಿರಾಕಿ ಹಿಡಿಯುವುದು ಬೇರೆ. ಒಂದು ಕಡೆ ಜನ ತಮ್ಮದನ್ನು ವಾಪಸು ಪಡೆಯಲು ಬರುತ್ತಾರೆ, ಇನ್ನೊಂದು ಕಡೆ ಇದ್ದದ್ದನ್ನು ಕೊಟ್ಟು ಹೋಗಲು ಬರುತ್ತಾರೆ. ಮೂವತ್ತೆಂಟು ವರ್ಷ ಬೀಡಿಯವರಿಗೆ, ಹೆಂಚಿನವರಿಗೆ, ಗೇರುಬೀಜದವರಿಗೆ, ನಿಮಗೆ ಬರೆದಿದ್ದೇನೆ. ಒಬ್ಬ ವ್ಯಾಪಾರಿಗೆ ಒಂದು ಸಾಲು ಬರೆದುಕೊಟ್ಟಿಲ್ಲ. ಈಗಲೂ ಕೊಡುವುದಿಲ್ಲ.

ಆದರೆ ನೀನು ಕೇಳಿದ್ದು ವಿಧಾನ. ವಿಧಾನ ಯಾರಪ್ಪನ ಆಸ್ತಿಯೂ ಅಲ್ಲ.

ನಡೆಯುವವರ ಕೈಗೆ ಕಾಗದ ಕೊಡಬೇಡ, ಕಾಯುವವರ ಕೈಗೆ ಕೊಡು. ನಡೆಯುವವನು ಹತ್ತು ಹೆಜ್ಜೆ ದಾಟಿ ಬಿಸಾಡುತ್ತಾನೆ. ಬಸ್ಸು ಕಾಯುವವಳು ಎರಡೂ ಬದಿ ಓದುತ್ತಾಳೆ, ಕೆಳಗಿನ ಪ್ರೆಸ್ಸಿನ ಹೆಸರನ್ನೂ ಬಿಡುವುದಿಲ್ಲ. ರೇಷನ್ ಅಂಗಡಿ, ಹಾಲಿನ ಡೈರಿ, ಸರಕಾರಿ ಆಸ್ಪತ್ರೆಯ ಚೀಟಿ ಸಾಲು. ಬಡವರನ್ನು ಈ ವ್ಯವಸ್ಥೆ ಎಲ್ಲೆಲ್ಲಿ ನಿಲ್ಲಿಸಿ ಇಟ್ಟಿದೆಯೋ ಅಲ್ಲೆಲ್ಲ ನಿನಗೆ ಜನ ಸಿಗುತ್ತಾರೆ.

ಅದಕ್ಕಿಂತ ಮೊದಲು ಎರಡು ವಾರ ಏನನ್ನೂ ಹೇಳಬೇಡ. ಕೇಳು. ನಮ್ಮ ಬೇಡಿಕೆಯ ಪಟ್ಟಿ ಆಫೀಸಿನಲ್ಲಿ ಕೂತು ಬರೆದದ್ದಲ್ಲ, ಬೀಡಿ ಕಟ್ಟುವವರ ಜಗುಲಿಯಲ್ಲಿ ಬರೆದದ್ದು. ನಿನ್ನ ಅಂಗಡಿ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಬೇಕಾಗಿಲ್ಲ. ಬಟ್ಟೆ ಹೊಲಿಸುವುದರಲ್ಲಿ ಅವರಿಗೆ ಏನು ಸಂಕಟ ಎಂದು ಕೇಳು. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ. ತಿದ್ದಬೇಡ.

ಬೋರ್ಡಿನ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ.

ಚೆನ್ನಯ್ಯ
ಕಾರ್ಯದರ್ಶಿ (ಅಭ್ಯಾಸಬಲದಿಂದ ಬರೆದೆ)


ಬೈಂದೂರು
ಆಗಸ್ಟ್ 4, 2025

ಅಪ್ಪಯ್ಯನಿಗೆ,

ಎರಡು ವಾರ ಕೇಳಿದೆವು. ಬಾಗಕ್ಕ ಬೆಳಿಗ್ಗೆ ಡೈರಿಯಲ್ಲಿ, ರಮಿತಾ ಆಸ್ಪತ್ರೆಯ ಸಾಲಿನಲ್ಲಿ, ನಾನು ಬಸ್ ನಿಲ್ದಾಣದಲ್ಲಿ. ನೀವು ಹೇಳಿದ ಹಾಗೆ ತಿದ್ದದೆ ಬರೆದಿದ್ದೇನೆ.

ಉಪ್ಪುಂದದಿಂದ ಮೀನು ತಂದು ಮಾರುವ ಮುತ್ತು, ಮಗಳ ಮದುವೆಯ ರವಿಕೆಯ ಬಗ್ಗೆ: "ಮಗ್ಳ್ ಮದಿ ರವ್ಕಿ, ಮದಿ ಕಳ್ದ್ ಎಂಟ್ ದಿನಕ್ಕೆ ಕೊಟ್ಟ. ಯಾರಿಗ್ ಹಾಕುದ್ ಅದ್ನ, ಬಾಳಿ ಗಿಡಕ್ಕಾ?"

ಡೈರಿಯಲ್ಲಿ ಒಬ್ಬರು: "ನಾಳೆ ಬನ್ನಿ, ನಾಳೆ ಬನ್ನಿ ಅಂದ್ ಅಂದ್ ನನ್ನ್ ಬಸ್ ಚಾರ್ಜೇ ರವ್ಕಿ ಕೂಲಿಗಿಂತ ಜಾಸ್ತಿ ಆಯ್ತ್."

ಶಾಲೆಯ ಟೀಚರ್ ಒಬ್ಬರು: "ಒಂದ್ ಮೀಟರ್ ಕೊಟ್ರೆ ಉಳ್ದ್ ಬಟ್ಟಿ ಎಲ್ಲಿಗ್ ಹೋತ್ತ್? ಟೇಲರ್ ಮನಿ ಮಕ್ಕಳ್ ಲಂಗ ಕಂಡ್ರೆ ಗೊತ್ತಾತ್ತ್."

ಆಸ್ಪತ್ರೆಯ ಸಾಲಿನಲ್ಲಿದ್ದ ಒಬ್ಬರು ಮೊದಲು ಬಾಯಿ ಬಿಡಲಿಲ್ಲ. ಅವರ ನಂಬರ್ ಕೂಗುವ ಹೊತ್ತಿಗೆ ರಮಿತಾಳ ಹತ್ತಿರ ಹೇಳಿದರಂತೆ: "ಗಂಡಸ್ರ ಕೈಯಗೆ ಅಳ್ತಿ ಕೊಡುಕೆ ನಂಗಾತಿಲ್ಲೆ. ಹಳಿ ರವ್ಕಿ ಕೊಡುದ್. ಅದ್ ಹತ್ತ್ ವರ್ಷ ಹಿಂದಿನ್ ನಾನ್."

ಒಬ್ಬರೂ ಕೂಲಿ ಹೆಚ್ಚಾಯಿತು ಎನ್ನಲಿಲ್ಲ. ನಾನು ಕೂಲಿ ಇಳಿಸುವ ಯೋಚನೆಯಲ್ಲಿದ್ದೆ.

ಮಂಜಯ್ಯ ಶೆಟ್ಟರು ಪುಕ್ಕಟೆ ಸಲಹೆ ಕೊಡಲು ದಿನಕ್ಕೊಮ್ಮೆ ಮೆಟ್ಟಿಲು ಹತ್ತುತ್ತಾರೆ. "ನಾನ್ ಬೊಂಬಾಯಗೆ ಮೂವತ್ತ್ ವರ್ಷ ಹೋಟ್ಲ್ ಮಾಡ್ದವ. ಧಂಧೆ ಅಂದ್ರೆ ದಿಖಾವಾ. ಇಪ್ಪತ್ತಡಿ ಬ್ಯಾನರ್ ಹಾಕ್, ಅದ್ರಗೊಂದ್ ಹೀರೋಯಿನ್ ಪಟ ಹಾಕ್" ಎಂದರು. ಬಾಗಕ್ಕ ಮಿಷನ್ ನಿಲ್ಲಿಸದೆ, "ಹೀರೋಯಿನ್ ರವ್ಕಿಗೆ ಕಾಲ್ ಮೀಟರ್ ಬಟ್ಟಿ ಸಾಕ್ ಶೆಟ್ರೆ. ನಮ್ಗೆಂತ ಕೂಲಿ ಹುಟ್ಟತ್ತ್?" ಎಂದಳು. ಅವರು ಆ ದಿನ ಬೇಗ ಇಳಿದರು.

ನಾವು ಮೂವರೂ ಕೂತು ತೀರ್ಮಾನಿಸಿದೆವು. ಬಟ್ಟೆ ತೆಗೆದುಕೊಂಡಾಗಲೇ ಚೀಟಿಯಲ್ಲಿ ತಾರೀಕು ಬರೆದು ಕೊಡುವುದು. ತಾರೀಕು ತಪ್ಪಿದರೆ ಕೂಲಿ ಇಲ್ಲ. ಉಳಿದ ಬಟ್ಟೆಯ ಚೂರು ಕೂಡ ವಾಪಸು. ಇದಕ್ಕೆ ಯಾವುದಕ್ಕೂ ಕಾಸು ಬೇಡ, ಉಳಿದವರು ಮಾಡದ್ದನ್ನು ಮಾಡಿದರೆ ಸಾಕು. ಆದರೆ ಇದನ್ನು ಊರಿಗೆ ತಿಳಿಸಲು ಕರಪತ್ರ ಬೇಕು. ನಾನು ಬರೆದು ನೋಡಿದೆ, ಗೃಹಪ್ರವೇಶದ ಆಮಂತ್ರಣದ ಹಾಗೆ ಆಯಿತು. ನೀವೇ ಬರೆಯಬೇಕು. ವ್ಯಾಪಾರಿಗೆ ಬರೆಯುವುದಿಲ್ಲ ಎಂದಿದ್ದೀರಿ. ಮೇಲೆ ಬರೆದ ನಾಲ್ಕು ಹೆಂಗಸರಿಗಾಗಿ ಬರೆಯಿರಿ.

ಪ್ರಜ್ಞಾ


ಬ್ರಹ್ಮಾವರ
ಆಗಸ್ಟ್ 17, 2025

ಪ್ರಜ್ಞಾ,

ಬರೆದಿದ್ದೇನೆ. ನಿನ್ನ ಅಂಗಡಿಗಾಗಿ ಅಲ್ಲ. ದಿನ ಕೊಟ್ಟು ತಪ್ಪುವುದು ಸಣ್ಣ ವಿಷಯ ಎಂದು ನಾನೂ ತಿಳಿದಿದ್ದೆ. ಕೂಲಿ ಮಾಡುವ ಹೆಂಗಸಿಗೆ ಒಂದು ದಿನ ಎಂದರೆ ಒಂದು ದಿನದ ಅನ್ನ. ಅದನ್ನು "ನಾಳೆ ಬನ್ನಿ" ಎಂದು ನಗುತ್ತಾ ಕಿತ್ತುಕೊಳ್ಳುವವನಿಗೂ ನಮ್ಮ ಕಾರ್ಖಾನೆಯ ಮಾಲೀಕನಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಕರಪತ್ರ ಹೀಗೆ:

"ಬೈಂದೂರಿನ ಹೆಂಗಸರೇ! ನಿಮ್ಮ ಬಟ್ಟೆ ನಿಮ್ಮದು. ನಿಮ್ಮ ದಿನವೂ ನಿಮ್ಮದು. ನಾಳೆ ಬನ್ನಿ ಎಂದು ನಿಮ್ಮ ದಿನಗಳನ್ನು ಕದಿಯುವ ಹಕ್ಕು ಯಾರಿಗೂ ಇಲ್ಲ. ಕೊಟ್ಟ ತಾರೀಕಿಗೆ ಬಟ್ಟೆ ಸಿಗಬೇಕು. ತಪ್ಪಿದರೆ ಕೂಲಿ ಕೇಳಬಾರದು. ಉಳಿದ ಬಟ್ಟೆ ಕೈಗೆ ಬರಬೇಕು. ಹೆಂಗಸರ ಅಳತೆಯನ್ನು ಹೆಂಗಸರೇ ತೆಗೆಯಬೇಕು. ಹಾಳಾದ ರವಿಕೆಗಳನ್ನು ಸಾಕ್ಷಿಯಾಗಿ ತನ್ನಿ. ಸೆಪ್ಟೆಂಬರ್ 6, ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಮಂಜಯ್ಯ ಶೆಟ್ಟರ ಹೋಟೆಲಿನ ಎದುರು ಎಲ್ಲರೂ ಒಂದಾಗಿ ಸೇರಿ."

ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸು. ಸಾಬೂನಿನ ಜಾಹೀರಾತಿನ ಹಾಗೆ ಕಾಣಬಾರದು. ಅಕ್ಷರ ಬದಲಿಸಬೇಡ, ಒಪ್ಪಿದ ಕರಪತ್ರವನ್ನು ಪ್ರೆಸ್ಸಿನಲ್ಲಿ ತಿದ್ದುವುದು ಶಿಸ್ತಲ್ಲ.

ಚೆನ್ನಯ್ಯ


ಬೈಂದೂರು
ಸೆಪ್ಟೆಂಬರ್ 8, 2025

ಅಪ್ಪಯ್ಯನಿಗೆ,

ಅಕ್ಷರ ಬದಲಿಸಲಿಲ್ಲ. ಆರುನೂರು ಪ್ರತಿ ಹಂಚಿ ಮುಗಿದ ಮೇಲೆ, ಶುಕ್ರವಾರ ಸಂಜೆ, ಉಳಿದ ಒಂದು ಪ್ರತಿಯನ್ನು ರಮಿತಾ ಓದಿದಳು. "ಅಕ್ಕಾ, ಇದ್ರಗೆ ಅಂಗ್ಡಿ ಹೆಸ್ರೇ ಇಲ್ಲ!"

ಇರಲಿಲ್ಲ. ಅಂಗಡಿ ಎಂಬ ಶಬ್ದವೇ ಇರಲಿಲ್ಲ. ನಿಮಗೆ ಅಂಗಡಿಯ ಹೆಸರು ಬರೆದು ಅಭ್ಯಾಸವಿಲ್ಲ, ನನಗೆ ನಿಮ್ಮ ಕರಪತ್ರ ತಿದ್ದಿ ಅಭ್ಯಾಸವಿಲ್ಲ.

ಶನಿವಾರ ಹತ್ತಕ್ಕೆ ಹೋಟೆಲಿನ ಎದುರು ಎಪ್ಪತ್ತು ಹೆಂಗಸರಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯಲ್ಲಿ ಹಾಳಾದ ರವಿಕೆ. ಜೊತೆಗೆ ಇಬ್ಬರು ಪೊಲೀಸರು. ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದರು. "ಹ್ವಾಯ್, ಇದೆಂತ ನನ್ನ್ ಹೋಟ್ಲ್ ಎದ್ರಿಗೆ ಮೋರ್ಚಾ? ಸಾಂಬಾರ್ ಸಮ ಇಲ್ದಿದ್ರೆ ಹೇಳಿ ಮಾರಾಯ್ರೆ, ಸಮ ಮಾಡ್ತೆ!"

"ಪರ್ಮಿಷನ್ ಇತ್ತಾ? ಲೀಡರ್ ಯಾರ್?" ಎಂದು ಪೊಲೀಸರಲ್ಲಿ ದೊಡ್ಡವರು ಕೇಳಿದರು.

ಗೇಟಿನ ದಿನಗಳು ನೆನಪಾಗಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬಾಗಕ್ಕ ಮೂರನೆಯ ಮೆಟ್ಟಿಲು ಹತ್ತಿ ನಿಂತಳು. "ಲೀಡರ್ ಯಾರೂ ಇಲ್ಲ ಸಾರ್, ಟೇಲರ್ ಇತ್ತ್. ರವ್ಕಿ ಸಮ ಮಾಡುಕೆ ಎಂತಕ್ಕ್ ಪರ್ಮಿಷನ್? ನಿಮ್ಮ್ ಪ್ಯಾಂಟ್ ಕಾಣಿ, ಬೆಲ್ಟ್ ಒಂದರ ಧೈರ್ಯದಗೆ ನಿಂತಿತ್ತ್. ಮೇಲ್ ಬನ್ನಿ, ಎರಡ್ ಹೊಲ್ಗಿ ಹಾಕ್ತೆ."

ಜನ ನಕ್ಕರು. ಅವರೂ ನಕ್ಕರು. ಸಂಜೆ ನಿಜವಾಗಿಯೂ ಎರಡು ಪ್ಯಾಂಟು ತಂದುಕೊಟ್ಟರು.

ಇದು ಮೋರ್ಚಾ ಅಲ್ಲ, ಅಂಗಡಿ ಎಂದು ಗೊತ್ತಾದ ಮೇಲೆ ಮೂವತ್ತು ಮಂದಿ ಮುಖ ಸಿಂಡರಿಸಿಕೊಂಡು ಹೋದರು. ನಿಂತವರಿಂದ ನಲವತ್ತೊಂದು ರವಿಕೆ ತೆಗೆದುಕೊಂಡೆವು. ಪ್ರತಿಯೊಂದಕ್ಕೂ ಚೀಟಿ, ಪ್ರತಿ ಚೀಟಿಯಲ್ಲೂ ತಾರೀಕು. ಕೊನೆಯದು 20ಕ್ಕೆ. ಹೊಸ ಬಟ್ಟೆಗಿಂತ ಹಾಳಾದದ್ದನ್ನು ಬಿಚ್ಚಿ ಹೊಲಿಯುವುದು ಕಷ್ಟ. ದಿನ ಬಿಟ್ಟು ದಿನ ಕರೆಂಟು ಹೋಗುತ್ತದೆ. ತಾರೀಕು ತಪ್ಪಿದರೆ ನಾವೂ ಉಳಿದವರ ಹಾಗೆಯೇ ಎಂದು ಎಪ್ಪತ್ತು ಮನೆಗೆ ಒಂದೇ ದಿನ ಗೊತ್ತಾಗುತ್ತದೆ.

ಸದ್ಯಕ್ಕೆ ಇಷ್ಟೇ ಸಮಯ.

ಪ್ರಜ್ಞಾ


ಬೈಂದೂರು
ಸೆಪ್ಟೆಂಬರ್ 23, 2025

(ಚೆನ್ನಯ್ಯಣ್ಣನಿಗೆ ಬಾಗಕ್ಕ ಹೇಳಿ ಬರೆಸಿದ್ದು. ಬರೆದವಳು ರಮಿತಾ. ಹೇಳಿದ ಹಾಗೆಯೇ ಬರೆಯಲು ಹೇಳಿದ್ದಾರೆ. ಪ್ರಜ್ಞಕ್ಕನಿಗೆ ಗೊತ್ತಿಲ್ಲ.)

ಹ್ವಾಯ್ ಚೆನ್ನಯ್ಯಣ್ಣ, ನಾನ್ ಬಾಗಿ.

ನಲ್ವತ್ತೊಂದ್ರಗೆ ನಲ್ವತ್ತ್ ರವ್ಕಿ ಹೇಳಿದ್ ದಿನಕ್ಕೇ ಕೊಟ್ಟಿತ್. ಮುತ್ತಕ್ಕಂದ್ ಒಂದ್ ತಪ್ಪಿತ್. ಬುಧವಾರ ಇಡೀ ಕರೆಂಟ್ ಇಲ್ಲ, ಪೆಡಲ್ ತುಳುಕೆ ನನ್ನ್ ಮಂಡಿ ಕೇಂತಿಲ್ಲ. ಒಂದೇ ದಿನ ಲೇಟ್. ಪ್ರಜ್ಞಾ ಕೂಲಿ ಬೇಡ ಅಂತ್. ಮುತ್ತಕ್ಕ ದುಡ್ಡ್ ಕೈಯಗೆ ತುರುಕಿದ್ರೂ ತಕಂಡಿಲ್ಲ. ಮರ್ದಿನ ಮುತ್ತಕ್ಕ ಮೀನ್ ಮಾರುದ್ ಬಿಟ್ಟ್ ಮಾರ್ಕೆಟ್ಟ್ ಇಡೀ ಇದ್ನೇ ಹೇಳ್ತಿತ್ತ್ ಅಂಬ್ರ್. ಸಮಾ ಟೈಮಿಗೆ ತಕಂಡ್ ಹೋದ್ ನಲ್ವತ್ತ್ ಜನ ಯಾರಿಗೂ ಎಂತದೂ ಹೇಳ್ಲಿಲ್ಲ. ತಪ್ಪಿದ್ ಒಂದ್ರಿಂದ ಹದ್ನೆಂಟ್ ಜನ ಬಂದ್ರ್. ಇದ್ ಎಂತ ಲೋಕವೋ.

ಇನ್ನೊಂದ್ ವಿಷ್ಯ. ಆಗ ಹೇಳುಕೆ ನಂಗೆ ಧೈರ್ಯ ಇರ್ಲಿಲ್ಲ. ಗೇಟಿನ್ ಎದ್ರ್ ಕೂತ್ ನಲ್ವತ್ಮೂರನೇ ದಿನ ನಮ್ಮನಿಯಗೆ ಅಕ್ಕಿ ಇರ್ಲಿಲ್ಲ. ನಂದೊಬ್ಳದ್ದಲ್ಲ, ಸುಮಾರ್ ಜನದ್ದ್. ಸಹಿ ಹಾಕ್ಕ್ ಅಂತ ಎಲ್ರಿಗೂ ಇತ್ತ್, ನಿಮ್ಮ್ ಮುಖ ಕಾಂಬುಕೆ ಹೆದ್ರಿಕಿ. ನಾನೇ ಪ್ರಜ್ಞನ್ ಕೈ ಹಿಡ್ದ್ ಹೇಳ್ದೆ. ನೀ ಮೊದ್ಲ್ ಹಾಕ್ ಮಗಾ, ನಿನ್ನ್ ಅಪ್ಪಯ್ಯ ನಿನ್ನೊಬ್ಳಿಗೆ ಬೈತ್ರ್, ನಾವೆಲ್ಲ ಬಚಾವ್. ಪ್ರಜ್ಞಾ ಹಾಕ್ತ್. ಯಾರ ಹತ್ರೂ ಹೇಳ್ಬೇಡಿ ಅಂತ್.

ಇಷ್ಟ್ ದಿನ ಹೇಳದಿದ್ದದ್ದ್ ನನ್ನ್ ತಪ್ಪ್.

ಬಾಗಿ (ಹೆಬ್ಬೆಟ್ಟಲ್ಲ, ಸಹಿ ಬತ್ತ್)


ಬ್ರಹ್ಮಾವರ
ಅಕ್ಟೋಬರ್ 5, 2025

ಪ್ರಜ್ಞಾ,

ಒಂದು ಕಾಗದ ಬಂದಿತ್ತು. ಯಾರದ್ದು, ಏನು ಎಂದು ಈಗ ಬರೆಯುವುದಿಲ್ಲ. ಎರಡು ಸಲ ಓದಿದೆ.

ಸೆಪ್ಟೆಂಬರ್ 30ರಂದು ಬೈಂದೂರಿನಲ್ಲಿ ನನಗೆ ಬೇರೆ ಕೆಲಸವಿತ್ತು. (ಬದಿಯಲ್ಲಿ, ಇನ್ನೊಂದು ಕೈಬರಹದಲ್ಲಿ: ಎಂತ ಕೆಲ್ಸವೂ ಇರ್ಲಿಲ್ಲ. ಅಮ್ಮ.) ಹೋಟೆಲಿನ ಎದುರಿನ ಬಸ್ ತಂಗುದಾಣದ ಬೆಂಚಿನಲ್ಲಿ ಹತ್ತರಿಂದ ಹನ್ನೆರಡೂವರೆಯ ತನಕ ಕೂತಿದ್ದೆ. ಕಂಡದ್ದನ್ನು ವರದಿ ಮಾಡುತ್ತೇನೆ.

ಹದಿನಾಲ್ಕು ಹೆಂಗಸರು ಓಣಿಗೆ ತಿರುಗಿ ಮೆಟ್ಟಿಲು ಹತ್ತಿದರು. ಐದು ಮಂದಿ ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ನೋಡಿ, ವಾಪಸು ಹೋದರು. ಅವರಲ್ಲಿ ಮೂವರ ತಲೆಯ ಮೇಲೆ ಮೀನಿನ ಬುಟ್ಟಿ. ಬುಟ್ಟಿ ಇಳಿಸಲು ಜಾಗವಿಲ್ಲ, ಹೊತ್ತುಕೊಂಡು ಹತ್ತಲು ಆಗುವುದಿಲ್ಲ. ನಿನಗೆ ಮೊದಲು ಹೆಸರು ತಂದದ್ದು ಮೀನಿನವರು. ಅವರೇ ನಿನ್ನ ಹತ್ತಿರ ಬರಲಾಗದ ಹಾಗೆ ಅಂಗಡಿ ಇಟ್ಟಿದ್ದೀಯ.

ಒಂದು ಮಿಷನ್ ಕೆಳಗೆ ತಾ. ಓಣಿಯ ಬಾಯಿಯಲ್ಲಿ, ಹೋಟೆಲಿನ ಗೋಡೆಗೆ ತಾಗಿಸಿ ಹಾಕು. ಅಳತೆ ಮಾತ್ರ ಮೇಲಿರಲಿ. ಕೆಲಸ ಮಾಡುವವರನ್ನು ಜನ ನಿಂತು ನೋಡುತ್ತಾರೆ. ಮೂವತ್ತೆಂಟು ವರ್ಷ ನಾನು ಕೆಲಸ ನಿಲ್ಲಿಸಿ ತೋರಿಸಿದೆ. ನೀನು ಮಾಡಿ ತೋರಿಸು. ಅದಕ್ಕಿಂತ ಅಗ್ಗದ ಪ್ರಚಾರ ನನಗೆ ಗೊತ್ತಿಲ್ಲ.

ಇನ್ನೊಂದು. ಆ ಎರಡೂವರೆ ಗಂಟೆಯಲ್ಲಿ ಬಾಗಿ ನಾಲ್ಕು ಸಲ ಇಳಿದು ಹತ್ತಿದಳು. ಚಹಾಕ್ಕೆ ಒಮ್ಮೆ, ಗುಂಡಿ ತರಲು ಒಮ್ಮೆ, ಯಾರಿಗೋ ಬಟ್ಟೆ ಕೊಡಲು ಎರಡು ಸಲ. ನೀನು ಒಮ್ಮೆಯೂ ಇಳಿಯಲಿಲ್ಲ.

ನಾನು ಮೇಲೆ ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. (ಬದಿಯಲ್ಲಿ: ಅರ್ಧ ಗಂಟಿಗೊಂದ್ ಬಸ್ಸಿತ್ತ್.)

ಚೆನ್ನಯ್ಯ


ಬೈಂದೂರು
ಅಕ್ಟೋಬರ್ 24, 2025

ಅಪ್ಪಯ್ಯನಿಗೆ,

ಅಂಗಡಿ ಉಳಿಯಿತು. ಅದನ್ನು ಮೊದಲು ಬರೆದೆ.

ಬಾಗಕ್ಕನ ಮಿಷನ್ ಕೆಳಗೆ ಬಂದ ದಿನ ಶೆಟ್ಟರು ಕೂಗಾಡಿದರು. ಮೂರನೆಯ ದಿನಕ್ಕೆ ಸುಮ್ಮನಾದರು. ಹೆಂಗಸರು ಬುಟ್ಟಿ ಇಳಿಸಿ ಬಾಗಕ್ಕನ ಸುತ್ತ ನಿಲ್ಲುತ್ತಾರೆ, ಗುಂಡಿ ಹಾಕಿಸಿಕೊಳ್ಳುತ್ತಾರೆ, ಬೈಯುತ್ತಾರೆ, ನಗುತ್ತಾರೆ. ನಿಂತವರಿಗೆ ಹಸಿವಾಗುತ್ತದೆ. ಈಗ ದಿನಕ್ಕೆ ಇಪ್ಪತ್ತು ಬಟ್ಟೆ ಬರುತ್ತಿದೆ. ನಾವು ಇಟ್ಟ ಹೆಸರನ್ನು ಯಾರೂ ಕೇಳಲಿಲ್ಲ, "ತಾರೀಕಿನಂಗ್ಡಿ" ಎಂದು ಅವರೇ ಕರೆಯುತ್ತಾರೆ. ಕೋಟದಿಂದ ಒಬ್ಬರು ಮಗಳ ಮದುವೆಯ ಹನ್ನೆರಡು ರವಿಕೆ ತಂದರು. ಅವರಿಗೆ ಹೇಳಿದ್ದು ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರೋ.

ದೀಪಾವಳಿಯ ಮರುದಿನ ಶೆಟ್ಟರು ಕರೆದರು. "ಮೊಬೈಲಿನವ್ರಿಗೆ ಇಲ್ಲ ಅಂದೆ. ಮೊಬೈಲ್ ತಕಂಬುಕೆ ಬಂದವ ಒಂದ್ ಚಾ ಕುಡಿತಿಲ್ಲ. ನಿನ್ನ್ ಹೆಂಗಸ್ರ್ ಎರಡ್ ಚಾ, ಒಂದ್ ಪ್ಲೇಟ್ ಗೋಳಿಬಜೆ. ಮೂರ್ ವರ್ಷಕ್ಕೆ ಕರಾರ್ ಮಾಡುವ, ಪಕ್ಕಾ. ಯಾರ್ ಹೆಸ್ರಗೆ?"

"ನನ್ನ ಹೆಸರಲ್ಲಿ" ಎಂದೆ. ನಿನ್ನೆ ಸಹಿ ಹಾಕಿದೆ. ಬಾಗಕ್ಕನಿಗೆ ತೋರಿಸಿದೆ. "ಒಳ್ಳೇದಾಯ್ತ್" ಎಂದು ಮತ್ತೆ ಹೊಲಿಯತೊಡಗಿದಳು.

ಮೂರು ವರ್ಷ ನನ್ನನ್ನು ಯಾರೂ ಎಬ್ಬಿಸುವ ಹಾಗಿಲ್ಲ. ನಿಮ್ಮ ವಿಧಾನದಿಂದ ಆದದ್ದು. ಬನ್ನಿ ಎಂದು ಬರೆಯುವುದಿಲ್ಲ. ಬಸ್ಸಿನ ವಿಷಯ ಅಮ್ಮ ಬರೆದಿದ್ದಾರೆ.

ಪ್ರಜ್ಞಾ


ಬ್ರಹ್ಮಾವರ
ಅಕ್ಟೋಬರ್ 30, 2025

ಪ್ರಜ್ಞಾ ಅವರಿಗೆ,
ಮಾಲೀಕರು, ತಾರೀಕಿನ ಅಂಗಡಿ, ಬೈಂದೂರು

ವಿಷಯ: ಬಾಗಿ ಮತ್ತು ರಮಿತಾ ಎಂಬ ಇಬ್ಬರು ಕೆಲಸಗಾರರ ಬಗ್ಗೆ.

ಅವರಿಬ್ಬರೂ ನನಗೆ ದೂರು ಕೊಟ್ಟಿಲ್ಲ. ನಿಮ್ಮ ಕಾಗದವೇ ದೂರು. ಆಗಸ್ಟಿನಲ್ಲಿ "ನಾವು ಮೂವರೂ ಕೂತು ತೀರ್ಮಾನಿಸಿದೆವು" ಎಂದು ಬರೆದಿದ್ದೀರಿ. ಅಕ್ಟೋಬರಿನಲ್ಲಿ "ನನ್ನನ್ನು ಯಾರೂ ಎಬ್ಬಿಸುವ ಹಾಗಿಲ್ಲ" ಎಂದು ಬರೆದಿದ್ದೀರಿ. ಎರಡು ತಿಂಗಳಲ್ಲಿ ಇಬ್ಬರು ಹೆಂಗಸರು ಎಲ್ಲಿಗೆ ಹೋದರು? ತಾರೀಕು ತಪ್ಪಿದರೆ ಕೂಲಿ ಇಲ್ಲ ಎಂದಾಗ ಮುರಿದದ್ದು ಯಾರ ಮಂಡಿ? ಪೊಲೀಸರ ಎದುರು ಬಾಯಿ ಬಿಟ್ಟದ್ದು ಯಾರು? ಅಂಗಡಿಯ ಹೆಸರಿಲ್ಲ ಎಂದು ಕಂಡದ್ದು ಯಾರ ಕಣ್ಣು?

ಈಗ ಮಗಳಿಗೆ ಬರೆಯುತ್ತೇನೆ.

ಗೇಟಿನಲ್ಲಿ ನೀನು ಮೊದಲು ಸಹಿ ಹಾಕಿದ್ದು ಉಳಿದವರಿಗಾಗಿ ಎಂದು ಬಾಗಿ ತಿಳಿಸಿದ್ದಾಳೆ. ನಂಬಿದೆ. ನಲವತ್ತಮೂರು ದಿನ ಜೊತೆಗೆ ಕೂತು ಅವರ ಅಡುಗೆಮನೆ ನನಗೆ ಕಾಣಲಿಲ್ಲ. ನನಗೆ ಹೆದರಿ ಅವರು ಹಸಿದು ಕೂತರು. ಒಂದು ವರ್ಷ ಏಳು ತಿಂಗಳು ನಿನ್ನನ್ನು ತಪ್ಪು ತಿಳಿದದ್ದು ನನ್ನ ತಪ್ಪು. ಅದನ್ನು ಇಲ್ಲಿ ದಾಖಲಿಸುತ್ತೇನೆ, ಕೆಳಗೆ ಸಹಿಯೂ ಇದೆ.

ಆದರೆ ಶೆಟ್ಟರ ಕರಾರಿಗೆ ನೀನು ಹಾಕಿದ ಸಹಿ ಯಾರಿಗಾಗಿ? ಕಾರ್ಖಾನೆಯ ಕಾಗದದಲ್ಲಿ ನಿನ್ನ ಹೆಸರಿನ ಕೆಳಗೆ ಅವರಿಗೆ ಜಾಗವಿತ್ತು. ಈ ಕಾಗದದಲ್ಲಿ ಜಾಗವನ್ನೇ ಇಟ್ಟಿಲ್ಲ.

ಬೇಡಿಕೆಗಳು: ಕರಾರಿನಲ್ಲಿ ಮೂವರ ಹೆಸರೂ ಇರಬೇಕು. ಬಂದದ್ದರಲ್ಲಿ ಮೂವರಿಗೂ ಸಮ ಪಾಲು. ಬಾಗಿ ಮೆಟ್ಟಿಲು ಹತ್ತಬಾರದು. ಹತ್ತು ದಿನದೊಳಗೆ ಮಾತುಕತೆಗೆ ಕರೆಯದಿದ್ದರೆ ನಾನು ಅದೇ ಬೆಂಚಿನಲ್ಲಿ ಕರಪತ್ರ ಹಿಡಿದು ಕೂರುತ್ತೇನೆ. ಕಾಯುವವರ ಕೈಗೇ ಕೊಡುತ್ತೇನೆ. ಈ ಸಲ ಅಂಗಡಿಯ ಹೆಸರು ಬರೆಯಲು ಮರೆಯುವುದಿಲ್ಲ.

ಚೆನ್ನಯ್ಯ
ಕಾರ್ಯದರ್ಶಿ (ಈ ಸಲ ಗೊತ್ತಿದ್ದೇ ಬರೆದೆ)


ಬೈಂದೂರು
ನವೆಂಬರ್ 3, 2025

ಕಾರ್ಯದರ್ಶಿಯವರಿಗೆ,

ನಿಮ್ಮ ನೋಟೀಸನ್ನು ಮಿಷನ್ ನಿಲ್ಲಿಸಿ ಇಬ್ಬರ ಎದುರೂ ಓದಿದೆ.

"ನಾನ್ ದೂರ್ ಕೊಡ್ಲಿಲ್ಲೆ ಮಾರಾಯ್ತಿ" ಎಂದಳು ಬಾಗಕ್ಕ, ಓದಿ ಮುಗಿಯುವ ಮೊದಲೇ.

"ಹೆಸ್ರ್ ಹಾಕ್ಕ್ ಅಂತ ಇತ್ತಾ ನಿಮ್ಗೆ?" ಎಂದು ಕೇಳಿದೆ.

ಬಾಗಕ್ಕ ಸೂಜಿಗೆ ನೂಲು ಹಾಕಿದಳು. ಅದು ಮೊದಲೇ ಹಾಕಿತ್ತು, ತೆಗೆದು ಮತ್ತೆ ಹಾಕಿದಳು. "ಇತ್ತ್" ಎಂದಳು.

"ನಂಗೂ ಇತ್ತ್" ಎಂದಳು ರಮಿತಾ.

ಕೇಳಬೇಕಾದ್ದನ್ನು ಊರಿಡೀ ಕೇಳಿಕೊಂಡು ಬಂದವಳು ಪಕ್ಕದ ಮಿಷನ್ನಿನಲ್ಲಿ ಕೇಳಿರಲಿಲ್ಲ.

ಶೆಟ್ಟರಿಂದ ಕರಾರು ವಾಪಸು ತಂದಿದ್ದೇನೆ. "ಒಂದ್ ರೂಮಿಗೆ ಮೂರ್ ಜನವಾ? ಬಾಡ್ಗಿ ಯಾರ್ ಹತ್ರ ಕೇಂಬುದ್ ನಾನ್?" ಎಂದರು. "ಕೆಳ್ಗೆ ಯಾರ್ ಕೂತಿರ್ತ್ರೋ ಅವ್ರ ಹತ್ರ. ಮೇಲ್ ಹತ್ತುಕೆ ನಿಮ್ಗೂ ಕಷ್ಟ, ನಂಗೂ ಕಷ್ಟ" ಎಂದಳು ಬಾಗಕ್ಕ. ಅವರು ಹೊಸ ಸ್ಟಾಂಪ್ ಪೇಪರ್ ತರಿಸಿದ್ದಾರೆ.

ಮೂವರ ಹೆಸರಿನ ಬೇಡಿಕೆಯನ್ನು ಒಪ್ಪಿದ್ದೇನೆ. ಮೆಟ್ಟಿಲಿನದ್ದನ್ನೂ ಒಪ್ಪಿದ್ದೇನೆ, ಇವತ್ತಿನಿಂದ ಚಹಾ ತರುವುದು ನಾನು. ಸಮ ಪಾಲಿನದ್ದನ್ನು ಒಪ್ಪಿಲ್ಲ. ಮೂರೂ ಮಿಷನ್ ನನ್ನ ಪರಿಹಾರದ ಹಣದಲ್ಲಿ ಬಂದವು, ಆ ಹಣಕ್ಕೆ ನಾನು ಕೊಟ್ಟದ್ದೂ ಕಡಿಮೆಯಲ್ಲ. ಅದನ್ನು ಎದುರೆದುರು ಕೂತು ಮಾತಾಡಬೇಕು. ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ, ಈಗಲೇ ಹೇಳಿದ್ದೇನೆ.

ನೀವು ಬಾಗಕ್ಕ, ರಮಿತಾರ ಕಡೆ ಕೂರಿ. ನನ್ನ ಕಡೆ ಅಮ್ಮ ಕೂರುತ್ತಾರೆ, ಫೋನಿನಲ್ಲಿ ಒಪ್ಪಿದ್ದಾರೆ. ಈ ಸಲ ಬೆಂಚಿನಲ್ಲಿ ಕೂತು ನೋಡಿ ಹೋಗುವುದಕ್ಕೆ ಅವಕಾಶವಿಲ್ಲ. ಮೇಲೆ ಬರಬೇಕು.

ಪ್ರಜ್ಞಾ
ಮೂವರಲ್ಲಿ ಒಬ್ಬಳು

ಮಾತುಕತೆ: ನವೆಂಬರ್ 9, ಭಾನುವಾರ, ಬೆಳಿಗ್ಗೆ ಹತ್ತೂವರೆ.